ನುಗ್ಗೆಯ ಪಾಲು

ಇವತ್ತೂ ನುಗ್ಗೆಮರದ ಎಳೆ ಕೊಂಬೆಗಳು ಮಾಯವಾಗಿದ್ದವು. ಹೆರ್ಮಿನ್ಯಾ ಹಸಿ ಕಡಿತವನ್ನು ಮುಟ್ಟಿ ನೋಡಿದಳು. ಗಂಡನ ಕತ್ತಿಯೇ, ಅನುಮಾನವಿಲ್ಲ.

ಮರ ಅವಳದು. ಗಿಂಬಾಲ್ ಊರಿಗೆ ಮದುವೆಯಾಗಿ ಬಂದ ವರ್ಷ ನುಗ್ಗೆಕೊಂಬೆಯ ಗೂಟ ನೆಟ್ಟವಳು, ಹೂವಿಗೆ ಬಿಡದೆ ಸವರಿ ಸವರಿ ಚಿಗುರಿಸಿದವಳು ಅವಳು. ಬಾಣಂತಿಗೆ ನುಗ್ಗೆಸೊಪ್ಪಿನ ಸಾರು ಕೊಟ್ಟರೆ ಹಾಲು ಇಳಿಯುತ್ತದೆಂದು ಊರಲ್ಲಿ ಯಾರಿಗೆ ಗೊತ್ತಿಲ್ಲ? ಈಗ ಅವಳೂ ಬಾಣಂತಿಯೇ. ಆದರೆ ಅವಳ ಬಟ್ಟಲಿಗೆ ಬರುತ್ತಿದ್ದದ್ದು ಬಲಿತ ಎಲೆ. ಚಿಗುರೆಲ್ಲ ಇನ್ನೆಲ್ಲಿಗೋ.

ದಿನ ತುಂಬುವ ಮೊದಲೇ ಹುಟ್ಟಿದ ಮಗು ಇಲೋಯ್ಲೋದ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿತ್ತು. ಜ್ವರ ಬಿಡುವವರೆಗೆ ಇವಳಿಗೆ ಅಲ್ಲಿ ಪ್ರವೇಶವಿಲ್ಲ. ನರ್ಸು ಮಗುವನ್ನು ಎತ್ತಿಕೊಂಡಳೆಂದು ಗಂಡ ಹೇಳಿದರೂ ಇವಳಿಗೆ ಹೊಟ್ಟೆ ಉರಿಯುತ್ತಿತ್ತು. ಬೆಳಿಗ್ಗೆ ಇವಳು ಹಿಂಡಿಕೊಟ್ಟ ಹಾಲನ್ನು ಗಂಡ ಪುಲೋ ಅಲ್ಲಿಗೆ ಒಯ್ಯುತ್ತಿದ್ದ. ಬಾಟಲಿಯ ತಳ ಒದ್ದೆಯಾಗುವಷ್ಟು ಹಾಲು.

"ನಿನ್ನೆ ಎಷ್ಟು ಕುಡ್ದ?"

"ಹೊಟ್ಟೆ ತುಂಬ ಕುಡ್ದ ಕಣೇ ಇಂದಾಯ್. ಕೆನ್ನೆ ತುಂಬ್ಕೊಂಡಿದೆ ನಿನ್ ಮಗಂಗೆ!" ಮುದ್ದು ಬಂದಾಗಲೆಲ್ಲ ಪುಲೋ ಅವಳನ್ನು ಇಂದಾಯ್ ಎನ್ನುತ್ತಿದ್ದ.

"ಸೊಪ್ಪು ಯಾರಿಗೆ ಒಯ್ತಿದೀಯ?"

ಪುಲೋ ಕತ್ತಿ ಒರೆಸಿದ. "ಬೇಕಾದೋರಿಗೆ."

ಆ ಬೇಕಾದವರು ಯಾರೆಂದು ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ ಹೇಳಿದಳು. "ಕೆಳಗಿನ ಬೀದಿ ದೆಲಿಸಾ ಮನೆಗೆ ದಿನಾ ಹೋಗ್ತಾನಲ್ಲೇ! ಅವಳೂ ಹೆತ್ತಿದಾಳೆ. ಗಂಡ ನೋಡಿದ್ರೆ ಯಾವಾಗ್ಲೂ ಹಡಗಲ್ಲಿ. ಲೆಕ್ಕ ನೀನೇ ಹಾಕ್ಕೋ."

ಹೆರ್ಮಿನ್ಯಾ ಲೆಕ್ಕ ಹಾಕಿದಳು. ಎದೆಗೆ ಬೆಂಕಿ ಬಿತ್ತು. ತನ್ನ ಕೂಸು ಅಲ್ಲಿ ಹನಿಹನಿಗೆ ಬಾಯಿ ಬಿಡುತ್ತಿರುವಾಗ, ತನ್ನ ಮರದ ಚಿಗುರು ಇವನ ಇನ್ನೊಬ್ಬಳ ಎದೆ ತುಂಬಿಸುತ್ತಿದೆ! ಜ್ವರದ ಮೈಯಲ್ಲೇ ದಡದಡ ನಡೆದಳು.

ದೆಲಿಸಾಳ ಬಾಗಿಲು ತೆರೆದೇ ಇತ್ತು. ಜೋಲಿಯಲ್ಲಿ ಗುಂಡುಗುಂಡಾದ ಮಗು. ಒಲೆಯ ಪಕ್ಕ ಕಪ್ಪೆಚಿಪ್ಪು ಹಾಕಿ ಕುದಿಸಿದ ನುಗ್ಗೆಸೊಪ್ಪಿನ ಸಾರು. ಮೇಜಿನ ಮೇಲೆ ಕತ್ತಿನವರೆಗೆ ತುಂಬಿದ ಹಾಲಿನ ಬಾಟಲಿ.

"ನನ್ ಮರ ಬೇಕು, ನನ್ ಗಂಡಾನೂ ಬೇಕೇನೇ ನಿಂಗೆ?"

"ಅಯ್ಯೋ, ಕೂತ್ಕೊಳ್ಳಿ ಅಕ್ಕ. ಪುಲೋ ಅಣ್ಣ ನಿಮಗೇನೂ ಹೇಳ್ಲಿಲ್ವಾ?"

"ಹೇಳೋಕೆ ಮುಖ ಇದ್ರೆ ತಾನೇ!"

ಸಾರಿನ ಪಾತ್ರೆಯನ್ನು ಒದ್ದಳು. ಆಮೇಲೆ ಬಾಟಲಿ ಕಣ್ಣಿಗೆ ಬಿತ್ತು. ಅದು ಅಷ್ಟು ತುಂಬಿರುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಮುಚ್ಚಳ ಕಿತ್ತು ಬೋರಲು ಹಾಕಿದಳು. ಬಿದಿರಿನ ನೆಲದ ಸಂದಿಗಳಲ್ಲಿ ಹಾಲು ಇಳಿದುಹೋಯಿತು.

"ನಿನ್ ಮಗೂನೂ ಒಂದಿನ ಉಪವಾಸ ಇರ್ಲಿ!"

ದೆಲಿಸಾ ತಲೆಯ ಮೇಲೆ ಕೈಹೊತ್ತು ಕುಸಿದಳು.

"ನನ್ ಮಗು ಕುಡಿದು ಮಲಗಿದೆ ಅಕ್ಕ... ಅದು ಆಸ್ಪತ್ರೆಗೆ ಒಯ್ಯೋಕೆ ಅಂತ ಅಣ್ಣಂಗೆ ಹಿಂಡಿಟ್ಟಿದ್ದು, ನಿಮ್ ಮಗೂಗೆ."