ಹಗ್ಗ ಖಾಲಿ

"ಎಳೀರಿ ಮಾವ, ಮೇಲೆ ಯಾರೂ ಇಲ್ಲ," ಎಂದಳು ಒರೋಸಿಯಾ. ಜಲಪಾತದ ಬುಡದಲ್ಲಿ ಸೊಂಟದವರೆಗೆ ತಣ್ಣೀರಿನಲ್ಲಿ ನಿಂತಿದ್ದ ಬೆನಿಟೊ, ಮೇಲಿನ ಕೊಂಡಿಯಲ್ಲಿ ತೂರಿಸಿ ಇಬ್ಬರೂ ಇಳಿದುಬಂದ ಜೋಡಿ ಹಗ್ಗದ ಒಂದು ತುದಿ ಹಿಡಿದಿದ್ದರು, ಎಳೆದುಕೊಳ್ಳಲಿಲ್ಲ. ಆ ಹಗ್ಗವಿಲ್ಲದೆ ಕಣಿವೆಯ ಮುಂದಿನ ಜಲಪಾತ ಇಳಿಯುವಂತಿರಲಿಲ್ಲ. ಮೋಡ ಕಪ್ಪಾಗುತ್ತಿತ್ತು.

"ಸುಮ್ನಿರೇ ಹುಡುಗಿ. ಅವನಿನ್ನೂ ಸೀಟಿ ಊದಿಲ್ಲ. ಯಾವಾಗ್ಲೂ ನಿಧಾನ ಅವನು, ಗೊತ್ತಲ್ಲ. ಬೇಕಾದ್ರೆ ಮುಟ್ಟಿ ನೋಡು, ಭಾರ ಇದೆ."

ಕೆಳಗೆ ತಲುಪಿದವರು ಒಮ್ಮೆ ಸೀಟಿ ಊದಿದರೆ ಹಗ್ಗ ಖಾಲಿ ಎಂದರ್ಥ. ಎರಡು ವರ್ಷದ ಹಿಂದೆ ಅವಳ ಗಂಡ, ಬೆನಿಟೊ ಅವರ ಮಗ ಇಗ್ನಾಸಿಯೊ ಇಲ್ಲೇ ಕೊನೆಯವನಾಗಿ ಇಳಿಯುತ್ತ ಸತ್ತಿದ್ದ. ಅವನ ಸೀಟಿ ಕೇಳಿರಲಿಲ್ಲ. ಅವಳು ಮುಟ್ಟಿದಳು. ಯಾರೋ ಹೆಜ್ಜೆ ಹೆಜ್ಜೆಗೂ ಇಳಿಯುತ್ತಿರುವಂತೆ ಹಗ್ಗ ಬಿಗಿದು ನಡುಗುತ್ತಿತ್ತು. ನೀರಿನ ಹೊಡೆತ, ಅಂದುಕೊಂಡಳು.

ಕೊರಳಲ್ಲಿದ್ದ ಗಂಡನ ಸೀಟಿಯನ್ನು ತುಟಿಗಿಟ್ಟು ಒಮ್ಮೆ ಉದ್ದಕ್ಕೆ ಊದಿದಳು. ಇಬ್ಬರ ಕೈಯಲ್ಲೂ ಹಗ್ಗ ಹಗುರಾಯಿತು.