ಕಿವಿಯ ಹತ್ತಿ

ಮೊನ್ನೆ ನನ್ನ ಬಾಣಂತಿ ಕೋಣೆಯಲ್ಲಿ ಅವ್ವ ಕೆಂಡದ ಮೇಲೆ ಲೋಬಾನ ಉದುರಿಸಿದಾಗ, ಆ ಹೊಗೆಯೊಳಗಿಂದ ಅಜ್ಜಿಯ ಊರು ಕಡ್ಡಿರಾಂಪುರದ, ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ತೇಲಿ ಬಂತು.

ಚಿಕ್ಕಮ್ಮ ಹೊಸಪೇಟೆಯ ಆಸ್ಪತ್ರೆಯಲ್ಲಿ ಹಡೆದು ತವರಿಗೆ ಬಂದಿದ್ದಳು. ಬಾಣಂತಿಯ ಕಿವಿಗೆ ಗಾಳಿ ಹೊಗಬಾರದೆಂದು, ನೀರು ಎರೆದಾದ ಮೇಲೆ ಅಜ್ಜಿ ಹತ್ತಿ ತುರುಕಿ, ಮೇಲೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಹೊರಗೆ ಬಾಳೆತೋಟಕ್ಕೆ ನೀರು ಬಿಟ್ಟಿದ್ದರು. ಒಳಗೆ ಕೆಂಡದ ಮೇಲಿನ ಲೋಬಾನದ ಹೊಗೆ, ಎಣ್ಣೆ, ಹಾಲಿನ ವಾಸನೆ. ನಾನು ಚಿಕ್ಕಮ್ಮ ಮಲಗಿದ್ದ ಹೊರಸಿನ ಕಾಲಿಗೆ ಒರಗಿ ತೂಕಡಿಸುತ್ತಿದ್ದೆ.

ಕೂಸು ಚಿಟ್ಟನೆ ಚೀರಿತು. ಚಿಕ್ಕಮ್ಮನೇ ಅದರ ಅಂಗಾಲು ಚಿವುಟಿದ್ದಳು.

ಅಜ್ಜಿ ಒಲೆ ಬಿಟ್ಟು ಓಡಿಬಂದಳು. "ಮಕ್ಕೊಂಡ ಕೂಸನ್ನ ಮತ್ತ ಎಬ್ಬಿಸಿದ್ಯಾ? ಹುಚ್ಚೇನ ನಿನಗ?"

"ಅದರ ಉಸುರು ಕೇಳವಲ್ದವ್ವ." ಚಿಕ್ಕಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. "ಹುಟ್ಟಿದಾಗ ಅದು ಅಳ್ಲಿಲ್ಲ. ಎಲ್ಲಾರೂ ಓಡ್ಯಾಡಿದ್ರು, ಯಾರೂ ಏನೂ ಹೇಳ್ಲಿಲ್ಲ. ಈ ಹತ್ತಿ ಇಟ್ರ ಮತ್ತ ಅಲ್ಲೇ ಹೋಗಿ ಬಿದ್ದಂಗ ಆಗ್ತದ."

ಅಜ್ಜಿ ಅವಳ ಸ್ಕಾರ್ಫ್ ಬಿಚ್ಚಿ, ತಾನೇ ತುರುಕಿದ್ದ ಹತ್ತಿಯನ್ನು ತೆಗೆದು ಕೆಂಡಕ್ಕೆ ಎಸೆದಳು. ಅತ್ತು ಸುಸ್ತಾದ ಕೂಸನ್ನು, ಅದರ ಮೂಗು ಚಿಕ್ಕಮ್ಮನ ಕಿವಿಗೆ ತಾಗುವಂತೆ ಮಲಗಿಸಿದಳು.

"ಕೇಳು. ಕೇಳ್ಕೋತ ಮಕ್ಕೊ."

ಚಿಕ್ಕಮ್ಮನ ಕಣ್ಣು ಮೆಲ್ಲಗೆ ಮುಚ್ಚಿದವು. ಆ ಸಣ್ಣ ಉಸಿರು ನನಗೂ ಕೇಳಿಸಿದಂತಾಯಿತು.

ಅಜ್ಜಿ ಕಿಟಕಿ ಹಾಕಿದಳು. ಬಾಗಿಲಿನ ಕದ ಸರಿಯಾಗಿ ಕೂಡುತ್ತಿರಲಿಲ್ಲ. ಆ ಸಂದಿಗೆ ಬೆನ್ನು ಕೊಟ್ಟು, ಸೆರಗು ಅಗಲಿಸಿ, ಬಿಸಿಲು ಇಳಿಯುವವರೆಗೂ ಗಾಳಿಗೆ ಅಡ್ಡವಾಗಿ ಕುಳಿತೇ ಇದ್ದಳು.