ಅದನ್ನೇ ಕಳಿಸಿ

ಕೇಳಿದ ಗ್ರಾಹಕರಿಗೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕೊಡಲೇಬೇಕು ಎಂಬುದು ಮುಕ್ತ ತಂತ್ರಾಂಶದ ಷರತ್ತು. ಲೈಬ್ರರಿಗೆ ಕೊಂಡ ಅಂಥದೊಂದು ತಂತ್ರಾಂಶ ಪುಸ್ತಕಗಳ ಪಟ್ಟಿಯಲ್ಲಿ ‘ಅ’ ಆದಮೇಲೆ ‘ಹ’ ತೋರಿಸುತ್ತಿತ್ತು. ತಾವೇ ಸರಿಪಡಿಸಿಕೊಳ್ಳಲು ಸೋರ್ಸ್ ಕೇಳಿದ್ದ ಗ್ರಂಥಪಾಲಕಿ, ಅದನ್ನು ಮಾರಿದ ಕಂಪನಿಯ ಮ್ಯಾನೇಜರ್‌ಗೆ ಮತ್ತೆ ಫೋನ್ ಮಾಡಿದರು.

“ನೀವು ಕಳಿಸಿದ್ದು ಸೋರ್ಸ್ ಅಲ್ಲ ಸಾರ್. ಹೆಸರುಗಳನ್ನೆಲ್ಲ ಅಳಿಸಿ, ಇಡೀ ಪ್ರೋಗ್ರಾಮನ್ನ ಒಂದೇ ಸಾಲಿಗೆ ತುರುಕಿದೀರಿ. ದೇವರಿಗೂ ಅರ್ಥ ಆಗಲ್ಲ.”

“ನಮ್ಗೂ ಆಗಲ್ಲ ಮೇಡಂ.”

“ಮತ್ತೆ ನೀವು ಹೆಂಗೆ ತಿದ್ದುತೀರಾ?”

“ಅದಕ್ಕೆ ಬೇರೆ ವ್ಯವಸ್ಥೆ ಇದೆ ಮೇಡಂ.”

“ಷರತ್ತು ಓದಿ ಸಾರ್. ತಿದ್ದೋದಕ್ಕೆ ನೀವು ಏನನ್ನ ಬಳಸ್ತೀರೋ ಅದೇ ಸೋರ್ಸು. ಅದನ್ನ ಕಳಿಸಿ. ಇಲ್ಲಾಂದ್ರೆ ಕೋರ್ಟಿಗೆ ಹೋಗ್ತೀವಿ.”

“ಅದನ್ನೇ ಕಳಿಸ್ಬೇಕಾ?”

“ಅದನ್ನೇ.”

“ಪೂರ್ತಿ?”

“ಒಂದು ಚೂರೂ ಉಳಿಸ್ಕೊಳ್ಳೋ ಹಾಗಿಲ್ಲ.”

ಮರುದಿನ ಲೈಬ್ರರಿಯ ಮುಂದೆ ಆಟೋ ನಿಂತಿತು. ಮಂಕಿ ಕ್ಯಾಪ್ ಹಾಕಿದ್ದ ಹಿರಿಯರೊಬ್ಬರು ಊಟದ ಬುತ್ತಿ ಹಿಡಿದು ಇಳಿದರು.

“ಕಂಪನಿಯವರು ಕಳಿಸಿದ್ರಮ್ಮ. ನಾನು ರಿಟೈರಾಗಿ ಎಷ್ಟೋ ಕಾಲ ಆಯ್ತು. ಆದ್ರೂ ಏನೇ ತಿದ್ದೋದಿದ್ರೂ ನನ್ನನ್ನೇ ಕರೀತಾರೆ, ಬೇರೆ ಯಾರಿಗೂ ಅದು ಗೊತ್ತಿಲ್ಲ.”

ಜೇಬಿನಿಂದ ಒಂದು ಚೀಟಿ ತೆಗೆದು ಮುಂದೆ ಚಾಚಿದರು.

“ಸೋರ್ಸ್ ಕೋಡ್ ತಲುಪಿದೆ ಅಂತ ಇಲ್ಲೊಂದು ಸಹಿ ಹಾಕ್ಬಿಡಿ.”